ಆಕ್ಟೇವ್‌ನಲ್ಲಿ ಸಾಲದ ಕಂತಿನ ವಿಂಡೋ: ಬಟನ್ ಒತ್ತಿದರೆ ‘0.110.000.00’ ಎಂದು ಬರುತ್ತಿದೆ

ಭೋಸರಿ_ಲೆಕ್ಕ (ರವಿವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಭೋಸರಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ರಜೆಯ ದಿನಗಳಲ್ಲಿ, ನಮ್ಮ ಕಡೆಯ ಜನರೇ ಸೇರಿ ನಡೆಸುತ್ತಿರುವ ಒಂದು ಸಣ್ಣ ಪತಸಂಸ್ಥೆಯ (ಸಹಕಾರಿ ಸಾಲ ಸಂಘದ) ಲೆಕ್ಕಪತ್ರಕ್ಕೆ ಕೈಜೋಡಿಸುತ್ತೇನೆ. ಅಲ್ಲಿ ಕೌಂಟರಿನಲ್ಲಿ ಕೂರುವ ಹಿರಿಯರನ್ನು ನಾವೆಲ್ಲರೂ ಕಾಕಾ ಎಂದು ಕರೆಯುತ್ತೇವೆ. ಸಾಲ ಕೇಳಲು ಬಂದವರಿಗೆ ತಿಂಗಳ ಕಂತು ಎಷ್ಟಾಗುತ್ತದೆ ಎಂಬುದನ್ನು ಅವರು ಇಂದಿಗೂ ಹಳೆಯ ಕೋಷ್ಟಕದ ಪುಸ್ತಕ ನೋಡಿಯೇ ಹೇಳುತ್ತಾರೆ. ಅವರ ಅನುಕೂಲಕ್ಕೆಂದು, ಕಾಲೇಜಿನಲ್ಲಿ ಕಲಿತ ಆಕ್ಟೇವ್ ಎಂಬ ಗಣಿತ ಲೆಕ್ಕದ ತಂತ್ರಾಂಶ ಬಳಸಿ ಒಂದು ಚಿಕ್ಕ ವಿಂಡೋ ಮಾಡಿದ್ದೇನೆ. ಅಸಲು, ವಾರ್ಷಿಕ ಬಡ್ಡಿ ಮತ್ತು ತಿಂಗಳುಗಳ ಸಂಖ್ಯೆ ಬರೆಯಲು ಮೂರು ಬಾಕ್ಸ್‌ಗಳು, ಕೆಳಗೆ ಒಂದು ಬಟನ್, ಅದರ ಕೆಳಗೆ ಉತ್ತರ ಕಾಣುವ ಒಂದು ಸಾಲು. ಎಲ್ಲವನ್ನೂ, ಬಟನ್, ಬಾಕ್ಸ್ ಮುಂತಾದವನ್ನು ಮೂಡಿಸುವ ಯುಐಕಂಟ್ರೋಲ್ ಆದೇಶದಿಂದಲೇ ರಚಿಸಿದ್ದೇನೆ.

ತೊಂದರೆ ಎರಡು. ಮೊದಲು ಎಲ್ಲವನ್ನೂ ಒಂದು ಸ್ಕ್ರಿಪ್ಟ್ ಆಗಿ ಬರೆದಿದ್ದಾಗ ಬಟನ್ ಕೆಲಸ ಮಾಡುತ್ತಿತ್ತು, ಆದರೆ 5,00,000 ರೂಪಾಯಿ, ಶೇಕಡಾ 12 ಬಡ್ಡಿ, 60 ತಿಂಗಳು ಎಂದು ಕೊಟ್ಟರೆ ಉತ್ತರದ ಜಾಗದಲ್ಲಿ ‘0.110.000.00’ ಎಂಬ ಅರ್ಥವಿಲ್ಲದ ಸಾಲು ಬರುತ್ತಿತ್ತು. ಕಾಕಾ ಅವರ ಕೋಷ್ಟಕದ ಪ್ರಕಾರ ಕಂತು 11,122 ರೂಪಾಯಿ ಚಿಲ್ಲರೆ ಆಗಬೇಕು. ಕೋಡನ್ನು ಅಚ್ಚುಕಟ್ಟು ಮಾಡೋಣವೆಂದು ಎಲ್ಲವನ್ನೂ ಒಂದು ಫಂಕ್ಷನ್ ಒಳಗೆ ಹಾಕಿದ ಮೇಲೆ ಆ ತಪ್ಪು ಉತ್ತರವೂ ಬರುತ್ತಿಲ್ಲ. ಬಟನ್ ಒತ್ತಿದ ಕೂಡಲೇ ‘ಅಸಲುಬಾಕ್ಸ್ ಎಂಬುದು ಗೊತ್ತಿಲ್ಲ’ ಎಂಬ ಅರ್ಥದ ಎರರ್ ಬರುತ್ತದೆ. ಆ ಹೆಸರಿನ ವೇರಿಯೇಬಲ್ ಮೇಲಿನ ಸಾಲಿನಲ್ಲೇ ಇದೆ. ಕಾಲ್‌ಬ್ಯಾಕ್ ಆಗಿ, ಎಂದರೆ ಬಟನ್ ಒತ್ತಿದಾಗ ನಡೆಯಬೇಕಾದ ಕೆಲಸವಾಗಿ, ಲೆಕ್ಕದ ಆದೇಶವನ್ನೇ ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಟ್ಟಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಮಡಗಾಂವ್_ಮೇಷ್ಟ್ರು (ರವಿವಾರ, ರಾತ್ರಿ 10.05)

ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಒಂದನ್ನು ಸರಿಪಡಿಸುವ ಭರದಲ್ಲಿ ಇನ್ನೊಂದನ್ನು ಮುಟ್ಟಬೇಡಿ. ಮೊದಲು ಎರಡನೆಯದನ್ನು ನೋಡೋಣ.

ಕಾಲ್‌ಬ್ಯಾಕ್ ಅನ್ನು ಪಠ್ಯವಾಗಿ ಕೊಟ್ಟರೆ, ಬಟನ್ ಒತ್ತಿದಾಗ ಆಕ್ಟೇವ್ ಆ ಪಠ್ಯವನ್ನು ಮೂಲ ವರ್ಕ್‌ಸ್ಪೇಸ್‌ನಲ್ಲಿ, ಎಂದರೆ ನೀವು ಕಮಾಂಡ್ ವಿಂಡೋದಲ್ಲಿ ಟೈಪ್ ಮಾಡುವ ಜಾಗದಲ್ಲಿ, ನಡೆಸುತ್ತದೆ. ಸ್ಕ್ರಿಪ್ಟ್ ಆಗಿದ್ದಾಗ ನಿಮ್ಮ ವೇರಿಯೇಬಲ್‌ಗಳೆಲ್ಲ ಅಲ್ಲಿಯೇ ಇದ್ದವು, ಆದ್ದರಿಂದ ಸಿಕ್ಕವು. ಫಂಕ್ಷನ್ ಒಳಗೆ ಹೋದ ಮೇಲೆ ಅವು ಆ ಫಂಕ್ಷನ್‌ಗೆ ಸೇರಿದವು, ಮೂಲ ವರ್ಕ್‌ಸ್ಪೇಸ್‌ಗೆ ಕಾಣುವುದಿಲ್ಲ. ಆಕ್ಟೇವ್‌ನಂತೆಯೇ ಇರುವ ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿಯೂ ಇದೇ ನಿಯಮ. ನನ್ನ ವಿದ್ಯಾರ್ಥಿಗಳಲ್ಲಿ ಬಹುತೇಕರು ಮೊದಲ ವಿಂಡೋ ಮಾಡುವಾಗ ಇಲ್ಲಿಯೇ ಎಡವುತ್ತಾರೆ, ಏಕೆಂದರೆ ಮೊದಲು ಸರಿಯಾಗಿ ನಡೆದಿದ್ದ ಕೋಡು ಯಾವ ಅಕ್ಷರವನ್ನೂ ಬದಲಿಸದೆ ಕೆಟ್ಟುಹೋದಂತೆ ತೋರುತ್ತದೆ.

ಪಠ್ಯವನ್ನು ಬಿಟ್ಟು ಫಂಕ್ಷನ್ ಹ್ಯಾಂಡಲ್ (ಫಂಕ್ಷನನ್ನು ನಡೆಸದೆ ಅದನ್ನು ಸೂಚಿಸುವ ಗುರುತು) ಕೊಡಿ. ಎಂದರೆ ಲೆಕ್ಕವನ್ನು ಬೇರೆಯೇ ಒಂದು ಫಂಕ್ಷನ್ ಆಗಿ ಬರೆದು, ಅದರ ಹೆಸರಿನ ಆರಂಭದಲ್ಲಿ @ ಚಿಹ್ನೆ ಹಾಕಿ ಕಾಲ್‌ಬ್ಯಾಕ್‌ಗೆ ಒಪ್ಪಿಸಿ. @ ಮರೆತು ಬರಿ ಹೆಸರು ಬರೆದರೆ, ವಿಂಡೋ ಕಟ್ಟುತ್ತಿರುವಾಗಲೇ ಆ ಫಂಕ್ಷನ್ ಒಮ್ಮೆ ನಡೆದುಹೋಗುತ್ತದೆ. ಬಟನ್‌ಗೆ ಏನೂ ಉಳಿಯುವುದಿಲ್ಲ.

ಭೋಸರಿ_ಲೆಕ್ಕ (ಸೋಮವಾರ, ಬೆಳಿಗ್ಗೆ 6.40)

ಸರ್, ತಾವು ಹೇಳಿದಂತೆ @ ಹಾಕಿದೆ. ಹಳೆಯ ಎರರ್ ಹೋಯಿತು. ಆದರೆ ಈಗ, ಫಂಕ್ಷನ್‌ಗೆ ಬೇಕಾದುದಕ್ಕಿಂತ ಹೆಚ್ಚು ಇನ್‌ಪುಟ್‌ಗಳನ್ನು ಕೊಡಲಾಗಿದೆ ಎಂಬ ಹೊಸ ಎರರ್ ಬರುತ್ತಿದೆ. ನಾನು ಯಾವ ಇನ್‌ಪುಟ್ಟನ್ನೂ ಕೊಟ್ಟಿಲ್ಲ.

ಮಡಗಾಂವ್_ಮೇಷ್ಟ್ರು (ಸೋಮವಾರ, ಬೆಳಿಗ್ಗೆ 7.15)

ನೀವು ಕೊಟ್ಟಿಲ್ಲ, ಆಕ್ಟೇವ್ ಕೊಟ್ಟಿದೆ. ಹ್ಯಾಂಡಲ್ ಮೂಲಕ ಕರೆದಾಗ ಅದು ತಾನಾಗಿಯೇ ಎರಡು ಇನ್‌ಪುಟ್‌ಗಳನ್ನು ಕಳುಹಿಸುತ್ತದೆ: ಯಾವ ಬಟನ್ ಒತ್ತಿದರು ಎಂಬುದು ಒಂದು, ಆ ಘಟನೆಯ ವಿವರ ಇನ್ನೊಂದು. ನಿಮಗೆ ಅವು ಬೇಡವಾದರೂ ಫಂಕ್ಷನ್ ಅವುಗಳಿಗೆ ಜಾಗ ಬಿಟ್ಟಿರಬೇಕು. ಮೂರು ಬಾಕ್ಸ್‌ಗಳ ಹ್ಯಾಂಡಲ್‌ಗಳನ್ನೂ ಕಳುಹಿಸಬೇಕೆಂದರೆ ಕಾಲ್‌ಬ್ಯಾಕನ್ನು ಸೆಲ್ ಅರೇ (ಬೇರೆ ಬೇರೆ ಬಗೆಯ ವಸ್ತುಗಳನ್ನು ಒಟ್ಟಿಗೆ ಇಡುವ ಪಟ್ಟಿ) ಆಗಿ ಬರೆಯಿರಿ: ಮೊದಲ ಅಂಕಣದಲ್ಲಿ ಫಂಕ್ಷನ್ ಹ್ಯಾಂಡಲ್, ಆಮೇಲೆ ನಿಮ್ಮ ಬಾಕ್ಸ್‌ಗಳು. ಅವು ಆ ಎರಡು ಇನ್‌ಪುಟ್‌ಗಳ ನಂತರ ಕ್ರಮವಾಗಿ ಬಂದು ಸೇರುತ್ತವೆ.

ಒಂದು ಎಚ್ಚರಿಕೆ. ಬಾಕ್ಸ್‌ಗಳ ಹ್ಯಾಂಡಲನ್ನು ಕಳುಹಿಸಬೇಕೇ ಹೊರತು, ಬಾಕ್ಸ್‌ನಲ್ಲಿರುವ ಬೆಲೆಯನ್ನು ಮೊದಲೇ ಓದಿಕೊಂಡು ಆ ಬೆಲೆಯನ್ನಲ್ಲ. ಮೊದಲೇ ಓದಿದ ಬೆಲೆ ವಿಂಡೋ ತೆರೆದ ಕ್ಷಣದ್ದಾಗಿ ಉಳಿಯುತ್ತದೆ. ಆಮೇಲೆ ಕಾಕಾ ಅವರು ಎಷ್ಟು ಬಾರಿ ಮೊತ್ತ ಬದಲಿಸಿದರೂ ಅದೇ ಉತ್ತರ ಬರುತ್ತಿರುತ್ತದೆ. ಎರರ್ ಬರುವುದಿಲ್ಲವಾದ್ದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಪೊವಾಯಿ_ಸಂಶೋಧಕಿ (ಸೋಮವಾರ, ಮಧ್ಯಾಹ್ನ 1.10)

ಮೇಷ್ಟ್ರ ವಿವರಣೆಯಿಂದ ಬಟನ್ ತೊಂದರೆ ಮುಗಿಯಬೇಕು. ನನಗೆ ಕುತೂಹಲ ಹುಟ್ಟಿಸಿದ್ದು ‘0.110.000.00’. ಅದನ್ನು ಅರ್ಥವಿಲ್ಲದ ಸಾಲು ಎಂದು ಬಿಡಬೇಡಿ, ಅದರಲ್ಲಿ ಒಂದು ಕ್ರಮವಿದೆ: 0.11, 0.00, 0.00 ಎಂಬ ಮೂರು ಸಂಖ್ಯೆಗಳು ನಡುವೆ ಜಾಗವಿಲ್ಲದೆ ಅಂಟಿಕೊಂಡಿವೆ. ಒಂದು ಉತ್ತರ ಬರಬೇಕಾದ ಕಡೆ ಮೂರು ಬಂದಿವೆ ಎಂದರೆ ಎಲ್ಲೋ ಒಂದು ಸಂಖ್ಯೆ ಮೂರು ಸಂಖ್ಯೆಗಳಾಗಿ ಒಡೆದಿದೆ.

ಕೋಡನ್ನು ಬದಲಿಸುವ ಮುನ್ನ ಒಂದು ಕೆಲಸ ಮಾಡಿ. ಕಾಲ್‌ಬ್ಯಾಕ್ ಒಳಗೆ ಅಸಲನ್ನು ಬಾಕ್ಸ್‌ನಿಂದ ಓದಿದ ಸಾಲಿನ ಕೆಳಗೆ ಅದರ ಕ್ಲಾಸ್ (ಬೆಲೆಯ ಬಗೆ) ಮತ್ತು ಸೈಜ್ (ಸಾಲು, ಅಂಕಣಗಳ ಸಂಖ್ಯೆ) ಎರಡನ್ನೂ ಕಮಾಂಡ್ ವಿಂಡೋದಲ್ಲಿ ಮುದ್ರಿಸಿ. ಸಂಖ್ಯೆಯಾಗಿ ಪರಿವರ್ತಿಸಿದ ಮೇಲೆಯೂ ಅದೇ ಎರಡನ್ನು ಮುದ್ರಿಸಿ. ಫಲಿತಾಂಶವನ್ನು ಇಲ್ಲಿ ತಿಳಿಸಿ. ಪರಿವರ್ತನೆಗೆ ಯಾವ ಫಂಕ್ಷನ್ ಬಳಸಿದ್ದೀರಿ ಎಂಬುದನ್ನೂ ಹೇಳಿ.

ಭೋಸರಿ_ಲೆಕ್ಕ (ಸೋಮವಾರ, ರಾತ್ರಿ 8.50)

ಸೆಲ್ ಅರೇ ಮಾಡಿದ ಮೇಲೆ ಬಟನ್ ಸರಿಯಾಗಿ ಕೆಲಸ ಮಾಡುತ್ತಿದೆ, ಮೇಷ್ಟ್ರಿಗೆ ಕೃತಜ್ಞತೆಗಳು. ಮೇಡಂ ಕೇಳಿದ ವಿವರ ಹೀಗಿದೆ. ಪರಿವರ್ತನೆಗೆ ಸ್ಟ್ರ್2ನಮ್ ಬಳಸಿದ್ದೇನೆ. ಪರಿವರ್ತನೆಗೆ ಮುಂಚೆ ಕ್ಲಾಸ್ ‘ಚಾರ್’ (ಅಕ್ಷರ), ಸೈಜ್ 1 ಮತ್ತು 8. ಪರಿವರ್ತನೆಯ ನಂತರ ಕ್ಲಾಸ್ ‘ಡಬಲ್’ (ಸಂಖ್ಯೆ), ಸೈಜ್ 1 ಮತ್ತು 3. ಒಳಗಿರುವ ಬೆಲೆಗಳು 5, 0, 0.

ಇದನ್ನು ನೋಡಿದ ಕೂಡಲೇ ಅಲ್ಪವಿರಾಮದ ಮೇಲೆ ಸಂಶಯ ಬಂತು. 500000 ಎಂದು ಬರೆದು ನೋಡಿದೆ. 11122.22 ಎಂದು ಸರಿಯಾದ ಉತ್ತರ ಬಂತು!

ಪೊವಾಯಿ_ಸಂಶೋಧಕಿ (ಸೋಮವಾರ, ರಾತ್ರಿ 9.30)

ಸರಿಯಾಗಿ ಹಿಡಿದಿರಿ. ಸ್ಟ್ರ್2ನಮ್ ಎಂಬುದು ಪಠ್ಯವನ್ನು ಸಂಖ್ಯೆಯಾಗಿ ಓದುವುದಿಲ್ಲ. ಅದನ್ನು ಚೌಕ ಆವರಣದೊಳಗಿಟ್ಟು ಒಂದು ಆದೇಶದಂತೆ ನಡೆಸುತ್ತದೆ. ಚೌಕ ಆವರಣದೊಳಗೆ ಅಲ್ಪವಿರಾಮ ಎಂದರೆ ಮುಂದಿನ ಅಂಕಣ ಎಂದು ಅರ್ಥ. ಆದ್ದರಿಂದ 5,00,000 ಎಂಬುದು 5, 00, 000 ಎಂಬ ಮೂರು ಅಂಕಣಗಳ ಸಾಲಾಯಿತು. ನಿಮ್ಮ ಸೂತ್ರದಲ್ಲಿ ಬಡ್ಡಿ ಮತ್ತು ತಿಂಗಳು ಒಂದೊಂದೇ ಸಂಖ್ಯೆಯಾಗಿದ್ದರಿಂದ ಗುಣಾಕಾರ ಎಲ್ಲಿಯೂ ತಡೆಯಲಿಲ್ಲ, ಎರರ್ ಬರಲಿಲ್ಲ. 5 ರೂಪಾಯಿಗೆ 11 ಪೈಸೆ, ಸೊನ್ನೆ ರೂಪಾಯಿಗೆ ಸೊನ್ನೆ ಎಂದು ಮೂರು ಕಂತುಗಳ ಲೆಕ್ಕವಾಯಿತು. ಎರಡು ದಶಮಾಂಶ ಸ್ಥಾನಗಳಿಗೆ ಬರೆಯುವ ಸ್ಪ್ರಿಂಟ್‌ಎಫ್ ಆದೇಶವು ಬೆಲೆಗಳು ಹೆಚ್ಚಿದ್ದರೆ ಅದೇ ಮಾದರಿಯನ್ನು ಮತ್ತೆ ಮತ್ತೆ ಬಳಸುತ್ತದೆ, ಹೀಗಾಗಿ ಮೂರೂ ಅಂಟಿಕೊಂಡವು.

ಸ್ಟ್ರ್2ನಮ್ ಅನ್ನು ಬಳಕೆದಾರರು ಬರೆಯುವ ಬಾಕ್ಸ್‌ಗೆ ಎಂದೂ ಬಳಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಾಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪೈ ಎಂದು ಬರೆದರೆ ಅದು 3.1416 ಎಂದು ಒಪ್ಪಿಕೊಳ್ಳುತ್ತದೆ. ಯಾವುದಾದರೂ ಫಂಕ್ಷನ್ ಹೆಸರು ಬರೆದರೆ ಅದನ್ನೇ ನಡೆಸಿಬಿಡುತ್ತದೆ. ಜನರ ಹಣದ ಲೆಕ್ಕ ಇರುವ ಕಡೆ ಇದು ಸಲ್ಲದು.

ಡೊಂಬಿವಲಿ_ಮ್ಯಾಟ್‌ಲ್ಯಾಬ್ (ಸೋಮವಾರ, ರಾತ್ರಿ 10.15)

ನಾನು ಕಚೇರಿಯಲ್ಲಿ ಮ್ಯಾಟ್‌ಲ್ಯಾಬ್ ಬಳಸುತ್ತೇನೆ, ಎಲ್ಲವನ್ನೂ ಓದಿದೆ. ನನ್ನ ಸಲಹೆ ಸರಳ: ಅಲ್ಪವಿರಾಮ ಹಾಕಬಾರದೆಂದು ಬಾಕ್ಸ್ ಪಕ್ಕದಲ್ಲಿ ಸೂಚನೆ ಬರೆಯಿರಿ. ಅಲ್ಪವಿರಾಮ ಕಂಡರೆ ಎಚ್ಚರಿಕೆಯ ಸಂದೇಶ ತೋರಿಸಿ ಲೆಕ್ಕ ನಿಲ್ಲಿಸಿ. ಇನ್‌ಪುಟ್ ಕಟ್ಟುನಿಟ್ಟಾಗಿದ್ದಷ್ಟೂ ದೋಷ ಕಡಿಮೆ.

ಭೋಸರಿ_ಲೆಕ್ಕ (ಮಂಗಳವಾರ, ಬೆಳಿಗ್ಗೆ 6.30)

ತಮ್ಮ ಸಲಹೆಯನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಕಾಕಾ ಅವರು ಮೂವತ್ತು ವರ್ಷಗಳಿಂದ ಖಾತೆಪುಸ್ತಕದಲ್ಲಿ ಮೊತ್ತ ಬರೆಯುವಾಗ ಅಲ್ಪವಿರಾಮ ಬಿಟ್ಟವರಲ್ಲ. ಅವರಿಗೆ 500000 ಎಂಬುದು ಐದು ಲಕ್ಷವೋ ಐವತ್ತು ಸಾವಿರವೋ ಎಂದು ತಿಳಿಯಲು ಸೊನ್ನೆಗಳನ್ನು ಬೆರಳಿಟ್ಟು ಎಣಿಸಬೇಕಾಗುತ್ತದೆ. ಅಲ್ಪವಿರಾಮವೇ ಅವರನ್ನು ತಪ್ಪಿನಿಂದ ಕಾಯುತ್ತಿರುವುದು. ಅವರ ರೂಢಿಗೆ ವಿಂಡೋ ಹೊಂದಿಕೊಳ್ಳಬೇಕೆಂಬುದು ನನ್ನ ಆಸೆ.

ಮಡಗಾಂವ್_ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 8.00)

ಭೋಸರಿಯವರ ಮಾತೇ ಸರಿ, ಮತ್ತು ಅದಕ್ಕೆ ಹೆಚ್ಚು ಶ್ರಮವೂ ಬೇಕಿಲ್ಲ. ಸ್ಟ್ರ್2ನಮ್ ಬದಲು ಸ್ಟ್ರ್2ಡಬಲ್ ಬಳಸಿ. ಅದು ಪಠ್ಯವನ್ನು ಆದೇಶವಾಗಿ ನಡೆಸದೆ ಒಂದು ಸಂಖ್ಯೆಯಾಗಿಯೇ ಓದಲು ಯತ್ನಿಸುತ್ತದೆ, ಅಲ್ಪವಿರಾಮಗಳನ್ನು ತೆಗೆದುಹಾಕುತ್ತದೆ, ಓದಲಾಗದಿದ್ದರೆ ‘ನ್ಯಾನ್’ ಎಂಬ, ಸಂಖ್ಯೆಯಲ್ಲದ ಬೆಲೆಯನ್ನು ಮರಳಿಸುತ್ತದೆ. 5,00,000 ಎಂಬುದು ಐದು ಲಕ್ಷವೇ ಆಗುತ್ತದೆ.

ಆದರೆ ಇದರಲ್ಲೂ ಒಂದು ಕೊರತೆ ಇದೆ. ಅಲ್ಪವಿರಾಮ ಎಲ್ಲಿದ್ದರೂ ಅದು ತೆಗೆದುಹಾಕುತ್ತದೆ, ಸ್ಥಾನ ಸರಿಯೋ ತಪ್ಪೋ ನೋಡುವುದಿಲ್ಲ. 50,000 ಎಂದು ಬರೆಯಹೋಗಿ ಕೈತಪ್ಪಿ 50,0000 ಎಂದು ಬರೆದರೆ ಅದು ಮೌನವಾಗಿ ಐದು ಲಕ್ಷವೆಂದು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಓದಿಕೊಂಡ ಮೊತ್ತವನ್ನು ಸರಿಯಾದ ಸ್ಥಾನಗಳಲ್ಲಿ ಅಲ್ಪವಿರಾಮ ಹಾಕಿ ಮತ್ತೆ ಅದೇ ಬಾಕ್ಸ್‌ನಲ್ಲಿ ಬರೆದು ತೋರಿಸಿ. ತಾನು ಬರೆದದ್ದು 5,00,000 ಎಂದು ಬದಲಾದುದನ್ನು ಕಂಡರೆ ಕಾಕಾ ಅವರೇ ತಪ್ಪು ಹಿಡಿಯುತ್ತಾರೆ. ಸ್ಪ್ರಿಂಟ್‌ಎಫ್‌ಗೆ ನಮ್ಮ ಲಕ್ಷ, ಕೋಟಿಯ ಕ್ರಮ ಗೊತ್ತಿಲ್ಲ. ಬಲಗಡೆಯಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು ಅಂಕಿ ಎಂದು ಕತ್ತರಿಸುವ ಒಂದು ಚಿಕ್ಕ ಫಂಕ್ಷನ್ ನೀವೇ ಬರೆದುಕೊಳ್ಳಬೇಕು. ಹತ್ತು ಸಾಲಿನ ಕೆಲಸ. ಪೈಸೆಯ ಭಾಗವನ್ನು ಮೊದಲು ಬೇರ್ಪಡಿಸಿಕೊಳ್ಳಿ, ಇಲ್ಲವಾದರೆ ಎಣಿಕೆ ತಪ್ಪುತ್ತದೆ.

ಭೋಸರಿ_ಲೆಕ್ಕ (ಬುಧವಾರ, ರಾತ್ರಿ 9.10)

ಸ್ಟ್ರ್2ಡಬಲ್ ಹಾಕಿ, ಅಲ್ಪವಿರಾಮದ ಫಂಕ್ಷನ್ ಸಹ ಬರೆದೆ. ಸಂಜೆ ಕಾಕಾ ಅವರ ಮುಂದೆ ವಿಂಡೋ ತೆರೆದಿಟ್ಟೆ. ಅವರು ಬಹಳ ಎಚ್ಚರಿಕೆಯಿಂದ ಒಂದೊಂದೇ ಕೀಲಿ ಒತ್ತಿ ಮೊತ್ತ ಬರೆದರು. ಉತ್ತರದ ಜಾಗದಲ್ಲಿ ‘ನ್ಯಾನ್’ ಬಂತು. ಬಗ್ಗಿ ನೋಡಿದರೆ, ಆ ಕಂಪ್ಯೂಟರಿನ ಕೀಬೋರ್ಡ್ ಮರಾಠಿಯಲ್ಲಿತ್ತು, ಅಂಕಿಗಳೆಲ್ಲ ದೇವನಾಗರಿಯಲ್ಲಿದ್ದವು. ಠೇವಣಿಯ ರಸೀದಿಗಳನ್ನು ಮರಾಠಿಯಲ್ಲಿ ಬರೆಯುವುದರಿಂದ ಕೀಬೋರ್ಡ್ ಸದಾ ಹಾಗೆಯೇ ಇರುತ್ತದಂತೆ. ಕಾಕಾ ಅವರು ‘ನಾನೇನು ತಪ್ಪು ಮಾಡಿದೆನಪ್ಪಾ?’ ಎಂದು ಕೇಳಿದಾಗ ನನಗೆ ಬಹಳ ಬೇಸರವಾಯಿತು.

ಡೊಂಬಿವಲಿ_ಮ್ಯಾಟ್‌ಲ್ಯಾಬ್ (ಬುಧವಾರ, ರಾತ್ರಿ 10.00)

ಅಲ್ಪವಿರಾಮದ ವಿಷಯದಲ್ಲಿ ನಾನು ಆತುರಪಟ್ಟೆ, ನಿಮ್ಮ ಕಾರಣ ಸರಿಯಾಗಿದೆ. ಇದಕ್ಕೆ ನನ್ನ ಕಡೆಯಿಂದ ಒಂದು ಪರಿಹಾರ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ದೇವನಾಗರಿ ಸೊನ್ನೆಯ ಕ್ರಮಸಂಖ್ಯೆ 2406, ನಮ್ಮ ಕನ್ನಡ ಸೊನ್ನೆಯದು 3302, ಸಾಮಾನ್ಯ ಸೊನ್ನೆಯದು 48. ಹತ್ತೂ ಅಂಕಿಗಳು ಅದೇ ಕ್ರಮದಲ್ಲಿ ಸಾಲಾಗಿವೆ. ಆದ್ದರಿಂದ ದೇವನಾಗರಿ ಅಂಕಿಯಿಂದ 2358 ಕಳೆದರೆ ಸಾಮಾನ್ಯ ಅಂಕಿ ಸಿಗುತ್ತದೆ. ಪೂರ್ತಿ ಪಠ್ಯಕ್ಕೆ ಒಂದೇ ಸಾಲಿನಲ್ಲಿ ಮಾಡಬಹುದು. ಮ್ಯಾಟ್‌ಲ್ಯಾಬ್‌ನಲ್ಲಿ ಪರೀಕ್ಷಿಸಿ ನೋಡಿದ್ದೇನೆ.

ಪೊವಾಯಿ_ಸಂಶೋಧಕಿ (ಗುರುವಾರ, ಬೆಳಿಗ್ಗೆ 9.45)

ಡೊಂಬಿವಲಿಯವರ ಲೆಕ್ಕ ಸರಿ, ಮ್ಯಾಟ್‌ಲ್ಯಾಬ್‌ನಲ್ಲಿ ನಡೆಯುತ್ತದೆ. ಆದರೆ ಆಕ್ಟೇವ್‌ನಲ್ಲಿ ನಡೆಯುವುದಿಲ್ಲ. ಮ್ಯಾಟ್‌ಲ್ಯಾಬ್ ಅಂತಹ ಒಂದು ಅಂಕಿಯನ್ನು ಒಂದೇ ಅಕ್ಷರವಾಗಿ ಎಣಿಸುತ್ತದೆ. ಆಕ್ಟೇವ್ ಪಠ್ಯವನ್ನು ಯುಟಿಎಫ್-8 ಎಂಬ ಸಂಕೇತ ಪದ್ಧತಿಯ ಬೈಟ್‌ಗಳಾಗಿ ಇಟ್ಟುಕೊಳ್ಳುತ್ತದೆ, ಮತ್ತು ದೇವನಾಗರಿಯ ಅಥವಾ ಕನ್ನಡದ ಒಂದು ಅಂಕಿಗೆ ಮೂರು ಬೈಟ್ ಬೇಕು. ೫೦೦ ಎಂದು ಬರೆದು ಉದ್ದ ಕೇಳಿ ನೋಡಿ: ಮ್ಯಾಟ್‌ಲ್ಯಾಬ್ 3 ಎನ್ನುತ್ತದೆ, ಆಕ್ಟೇವ್ 9 ಎನ್ನುತ್ತದೆ. ಬೈಟ್‌ಗಳಿಂದ 2358 ಕಳೆದರೆ ಏನೂ ಸಿಗದು.

ಆಕ್ಟೇವ್‌ನಲ್ಲಿ ಸುರಕ್ಷಿತವಾದ ದಾರಿ ಎಂದರೆ ಪಠ್ಯದ ಒಂದು ಭಾಗವನ್ನು ಇನ್ನೊಂದರಿಂದ ಬದಲಿಸುವ ಸ್ಟ್ರ್‌ರೆಪ್ ಆದೇಶ. ಹತ್ತು ದೇವನಾಗರಿ ಅಂಕಿಗಳನ್ನು ಒಂದು ಸೆಲ್ ಅರೇಯಲ್ಲಿ ಇಟ್ಟು, ಒಂದು ಲೂಪ್ ಹಾಕಿ, ಪ್ರತಿಯೊಂದರ ಬದಲಿಗೆ ಅದರ ಸಾಮಾನ್ಯ ಅಂಕಿಯನ್ನು ಇಡಿ. ಅದೇ ಲೂಪಿನಲ್ಲಿ ಕನ್ನಡ ಅಂಕಿಗಳನ್ನೂ ಸೇರಿಸಿ. ನಾಳೆ ಯಾರಾದರೂ ಕನ್ನಡ ಕೀಬೋರ್ಡ್ ಹಾಕಿದರೂ ವಿಂಡೋ ನಿಲ್ಲಬಾರದು. ಇದು ಮ್ಯಾಟ್‌ಲ್ಯಾಬ್‌ನಲ್ಲಿಯೂ ಹಾಗೆಯೇ ನಡೆಯುತ್ತದೆ. ಇಷ್ಟಾದ ಮೇಲೂ ‘ನ್ಯಾನ್’ ಬಂದರೆ ಅದನ್ನು ಉತ್ತರದ ಜಾಗದಲ್ಲಿ ತೋರಿಸಬೇಡಿ. ಯಾವ ಬಾಕ್ಸ್ ಓದಲಾಗಲಿಲ್ಲವೋ ಅದರ ಹಿನ್ನೆಲೆಯನ್ನು ತಿಳಿಹಳದಿ ಮಾಡಿ, ‘ಅಸಲಿನ ಮೊತ್ತವನ್ನು ಮತ್ತೊಮ್ಮೆ ನೋಡಿ’ ಎಂದು ಕನ್ನಡದಲ್ಲೇ ಬರೆಯಿರಿ.

ಭೋಸರಿ_ಲೆಕ್ಕ (ಶುಕ್ರವಾರ, ರಾತ್ರಿ 9.35)

ಲೂಪ್ ಕೆಲಸ ಮಾಡಿತು. ದೇವನಾಗರಿ, ಕನ್ನಡ, ಸಾಮಾನ್ಯ ಅಂಕಿ ಮೂರನ್ನೂ ಬೆರೆಸಿ ಬರೆದರೂ ಸರಿಯಾಗಿ ಓದುತ್ತಿದೆ. ಇನ್ನು ಉಳಿದಿರುವುದು ಮೂರು ಸಂಗತಿ.

ಒಂದು, ನಮ್ಮಲ್ಲಿ ಮಕ್ಕಳ ಓದಿಗೆ ಬಡ್ಡಿಯಿಲ್ಲದ ಸಾಲವೂ ಇದೆ. ಬಡ್ಡಿ 0 ಎಂದು ಬರೆದರೆ ಕಂತು ಬರುವುದಿಲ್ಲ. ಎರಡು, ಆಕ್ಟೇವ್ ಒಳಗಿನಿಂದ ನಡೆಸಿದರೆ ವಿಂಡೋ ನಿಲ್ಲುತ್ತದೆ, ಆದರೆ ಡೆಸ್ಕ್‌ಟಾಪ್ ಮೇಲೆ ಮಾಡಿಟ್ಟ ಶಾರ್ಟ್‌ಕಟ್ ಒತ್ತಿದರೆ ಮಿಂಚಿನಂತೆ ಬಂದು ಮಾಯವಾಗುತ್ತದೆ. ಆ ಒಂದು ಕ್ಷಣದಲ್ಲೂ ಬಟನ್‌ಗಳು ಕಂಡಂತೆ ಅನ್ನಿಸಲಿಲ್ಲ. ಮೂರು, ಉಳಿದ ಅಸಲು ತಿಂಗಳಿನಿಂದ ತಿಂಗಳಿಗೆ ಹೇಗೆ ಇಳಿಯುತ್ತದೆ ಎಂಬ ಗ್ರಾಫನ್ನು ಬಲಗಡೆ ಸೇರಿಸಿದ್ದೇನೆ. ‘ಬಡ್ಡಿ’ ಎಂಬ ಪದ ಬಟನ್ ಮೇಲೆ ಸರಿಯಾಗಿ ಕಾಣುತ್ತದೆ, ಗ್ರಾಫಿನ ಶೀರ್ಷಿಕೆಯಲ್ಲಿ ಮಾತ್ರ ಒತ್ತಕ್ಷರ ಕಿತ್ತುಕೊಂಡು ಬಿಡಿಬಿಡಿಯಾಗಿ ಕಾಣುತ್ತದೆ.

ಮಡಗಾಂವ್_ಮೇಷ್ಟ್ರು (ಶನಿವಾರ, ಬೆಳಿಗ್ಗೆ 7.30)

ಮೊದಲನೆಯದು ಸೂತ್ರದ ಸ್ವಭಾವ. ಬಡ್ಡಿ ಸೊನ್ನೆಯಾದರೆ ಮೇಲೆಯೂ ಸೊನ್ನೆ, ಕೆಳಗೆಯೂ ಸೊನ್ನೆ, ಭಾಗಿಸಿದರೆ ‘ನ್ಯಾನ್’. ಬಡ್ಡಿ ಸೊನ್ನೆಯೇ ಎಂದು ಮೊದಲು ಕೇಳಿ, ಹೌದಾದರೆ ಅಸಲನ್ನು ತಿಂಗಳುಗಳಿಂದ ಭಾಗಿಸಿ. ಇಷ್ಟೇ ಸಾಕು.

ಎರಡನೆಯದರಲ್ಲಿ ಎರಡು ಕಾರಣಗಳು ಸೇರಿಕೊಂಡಿರಬೇಕು. ಶಾರ್ಟ್‌ಕಟ್‌ನಿಂದ ನಡೆಸಿದಾಗ ಸ್ಕ್ರಿಪ್ಟಿನ ಕೊನೆಯ ಸಾಲು ಮುಗಿದ ಕೂಡಲೇ ಆಕ್ಟೇವ್ ಮುಚ್ಚಿಕೊಳ್ಳುತ್ತದೆ, ಅದರೊಂದಿಗೆ ವಿಂಡೋ ಸಹ ಹೋಗುತ್ತದೆ. ಕೊನೆಯ ಸಾಲಿನಲ್ಲಿ ವೇಟ್‌ಫಾರ್ ಆದೇಶಕ್ಕೆ ವಿಂಡೋದ ಹ್ಯಾಂಡಲ್ ಕೊಡಿ. ಕಾಕಾ ಅವರು ವಿಂಡೋ ಮುಚ್ಚುವವರೆಗೆ ಅದು ಕಾಯುತ್ತದೆ. ಬಟನ್‌ಗಳು ಕಾಣದಿರುವುದಕ್ಕೆ ಕಾರಣ, ನೀವು ಶಾರ್ಟ್‌ಕಟ್‌ನಲ್ಲಿ ಸಿಎಲ್‌ಐ (ಬರಿ ಆದೇಶ ಟೈಪ್ ಮಾಡುವ) ಆವೃತ್ತಿಯನ್ನು ಕರೆದಿರುವುದು ಇರಬಹುದು. ಅದರಲ್ಲಿ ವಿಂಡೋ, ಬಟನ್ ಚಿತ್ರಿಸುವ ಕ್ಯೂಟಿ ಎಂಬ ತಂತ್ರಾಂಶ ಇರುವುದಿಲ್ಲ, ಯುಐಕಂಟ್ರೋಲ್‌ಗಳನ್ನು ಚಿತ್ರಿಸುವುದು ಕ್ಯೂಟಿ ಗ್ರಾಫಿಕ್ಸ್ ಟೂಲ್‌ಕಿಟ್ ಮಾತ್ರ. ಶಾರ್ಟ್‌ಕಟ್‌ನಲ್ಲಿ ಸಾಮಾನ್ಯ ಆಕ್ಟೇವ್ ಕರೆಯಿರಿ, ಸ್ಕ್ರಿಪ್ಟಿನ ಮೊದಲಿಗೇ ಟೂಲ್‌ಕಿಟ್ ಯಾವುದು ಎಂದು ಮುದ್ರಿಸಿ ನೋಡಿ.

ಪೊವಾಯಿ_ಸಂಶೋಧಕಿ (ಶನಿವಾರ, ಬೆಳಿಗ್ಗೆ 11.20)

ಮೂರನೆಯದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ಸ್ವಂತ ಕೆಲಸದಲ್ಲಿಯೂ ಇದರೊಂದಿಗೆ ಗುದ್ದಾಡಿದ್ದೇನೆ. ಬಟನ್ ಮತ್ತು ಪಠ್ಯದ ಸಾಲುಗಳನ್ನು ಚಿತ್ರಿಸುವುದು ಕ್ಯೂಟಿ. ಕನ್ನಡದ ಅಕ್ಷರ ಜೋಡಣೆ ಅದಕ್ಕೆ ಗೊತ್ತು. ಗ್ರಾಫಿನ ಶೀರ್ಷಿಕೆ ಮತ್ತು ಅಕ್ಷಗಳ ಹೆಸರನ್ನು ಆಕ್ಟೇವ್ ತಾನೇ ಒಂದೊಂದು ಅಕ್ಷರವಾಗಿ ಇಡುತ್ತದೆ, ಒತ್ತಕ್ಷರವನ್ನು ಕೆಳಗೆ ಕೂರಿಸುವುದು ಅದಕ್ಕೆ ಬರುವುದಿಲ್ಲ. ಫಾಂಟ್ ಬದಲಿಸಿದರೆ ಅಕ್ಷರದ ಬದಲು ಚೌಕಗಳು ಕಾಣುವುದು ತಪ್ಪಬಹುದು, ಜೋಡಣೆ ಸರಿಹೋಗದು. ಆದ್ದರಿಂದ ಶೀರ್ಷಿಕೆಯ ಆದೇಶವನ್ನೇ ಬಿಡಿ. ಗ್ರಾಫಿನ ಮೇಲೆ ಸ್ವಲ್ಪ ಜಾಗ ಬಿಟ್ಟು, ಅಲ್ಲಿ ಪಠ್ಯ ಮಾದರಿಯ ಒಂದು ಯುಐಕಂಟ್ರೋಲ್ ಇಟ್ಟು ‘ಉಳಿದ ಅಸಲು ಮತ್ತು ಬಡ್ಡಿ’ ಎಂದು ಬರೆಯಿರಿ. ಅಕ್ಷದ ಮೇಲಿನ ಅಂಕಿಗಳು ಹಾಗೆಯೇ ಇರಲಿ.

ಜೊತೆಗೆ ಎರಡು ಮಾತು. ಪ್ಲಾಟ್ ಆದೇಶಕ್ಕೆ ಮೊದಲ ಇನ್‌ಪುಟ್ ಆಗಿ ಗ್ರಾಫಿನ ಹ್ಯಾಂಡಲ್ ಕೊಡಿ, ಇಲ್ಲವಾದರೆ ಬೇರೊಂದು ವಿಂಡೋ ತೆರೆದಿದ್ದಾಗ ಗೆರೆ ಅಲ್ಲಿ ಹೋಗಿ ಮೂಡುತ್ತದೆ. ಎಲ್ಲದರ ಅಳತೆಯನ್ನು ಪಿಕ್ಸೆಲ್ ಬದಲು ನಾರ್ಮಲೈಸ್ಡ್ ಘಟಕದಲ್ಲಿ (ವಿಂಡೋದ ಅಳತೆಯ ಪಾಲಾಗಿ) ಕೊಡಿ, ಕೌಂಟರಿನ ಹಳೆಯ ಸಣ್ಣ ಪರದೆಯಲ್ಲೂ ಬಟನ್ ಹೊರಗೆ ಹೋಗದು.

ಡೊಂಬಿವಲಿ_ಮ್ಯಾಟ್‌ಲ್ಯಾಬ್ (ಶನಿವಾರ, ಮಧ್ಯಾಹ್ನ 2.40)

ಇದರ ಜೊತೆಗೆ, ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ಒಯ್ದಾಗ ಕನ್ನಡವೆಲ್ಲ ಕಲಸಿಹೋದಂತೆ ಕಂಡರೆ ಗಾಬರಿಯಾಗಬೇಡಿ. ಎಡಿಟರಿನ ಸೆಟ್ಟಿಂಗ್‌ನಲ್ಲಿ ಪಠ್ಯದ ಎನ್‌ಕೋಡಿಂಗ್ ಯುಟಿಎಫ್-8 ಆಗಿದೆಯೇ ನೋಡಿಕೊಂಡು ಫೈಲ್ ಉಳಿಸಿ.

ಭೋಸರಿ_ಲೆಕ್ಕ (ರವಿವಾರ, ಸಂಜೆ 6.15)

ಶಾರ್ಟ್‌ಕಟ್ ಸಿಎಲ್‌ಐ ಆವೃತ್ತಿಯನ್ನೇ ಕರೆಯುತ್ತಿತ್ತು, ಬದಲಿಸಿದೆ. ವೇಟ್‌ಫಾರ್ ಸೇರಿಸಿದ ಮೇಲೆ ವಿಂಡೋ ನಿಂತಿದೆ. ಶೀರ್ಷಿಕೆಯಲ್ಲಿ ‘ಬಡ್ಡಿ’ ಈಗ ಒತ್ತಕ್ಷರ ಸಹಿತ ಸರಿಯಾಗಿದೆ. ಎನ್‌ಕೋಡಿಂಗ್ ತೊಂದರೆ ಕೌಂಟರಿನ ಕಂಪ್ಯೂಟರಿನಲ್ಲಿ ನಿಜಕ್ಕೂ ಬಂದಿತ್ತು. ಡೊಂಬಿವಲಿಯವರ ಮಾತು ಮೊದಲೇ ಓದಿದ್ದರಿಂದ ಎರಡು ನಿಮಿಷದಲ್ಲಿ ಸರಿಹೋಯಿತು.

ಇಂದು ಬೆಳಿಗ್ಗೆ ಕಾಕಾ ಅವರು ದೇವನಾಗರಿಯಲ್ಲಿ ಐದು ಲಕ್ಷ ಬರೆದು ಬಟನ್ ಒತ್ತಿದರು. ಬಾಕ್ಸ್‌ನಲ್ಲಿ 5,00,000 ಎಂದೂ ಕೆಳಗೆ 11,122.22 ಎಂದೂ ಬಂತು. ಅವರು ಕೋಷ್ಟಕದ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು ಎರಡನ್ನೂ ಹೋಲಿಸಿದರು. ಆಮೇಲೆ ಬೇರೆ ಬೇರೆ ಮೊತ್ತ ಹಾಕಿ ಇನ್ನೂ ಏಳೆಂಟು ಸಾಲು ಹೋಲಿಸಿ ನೋಡಿದರು, ಬಡ್ಡಿಯಿಲ್ಲದ ಸಾಲವನ್ನೂ ಹಾಕಿ ನೋಡಿದರು. ಎಲ್ಲವೂ ಹೊಂದಿದವು. ಮುಂದಿನ ವಾರದಿಂದ ಪುಸ್ತಕ ಮತ್ತು ವಿಂಡೋ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಒಂದು ತಿಂಗಳು ನಡೆಸುತ್ತೇವೆ.